ಸುದ್ದಿಗಿಂತ ಮೊದಲೇ ಓಡುವ ಬೆಲೆ

ಲಾಭ ಏರಿತು, ಷೇರು ಬಿತ್ತು. ಎಲ್ಲರೂ ಬೈದ ಖರೀದಿಯೇ ಕಂಪನಿಯ ಕೈ ಹಿಡಿಯಿತು. ಫಲಿತಾಂಶದ ಋತು ಬಂದಾಗಲೆಲ್ಲ ಸಣ್ಣ ಹೂಡಿಕೆದಾರರು ಗೊಂದಲಕ್ಕೆ ಬೀಳುವುದೇಕೆ? ‘ಸುದ್ದಿ ಯಾವಾಗ ಬರುತ್ತದೆ’ ಎಂದು ಕಾಯುವವರ ಲೆಕ್ಕ ತಪ್ಪುವುದು ಎಲ್ಲಿ?

2023ರ ಏಪ್ರಿಲ್ 17, ಸೋಮವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ಷೇರುಪೇಟೆಯ ಬಾಗಿಲು ತೆರೆಯಿತು. ಇನ್ಫೊಸಿಸ್ ಷೇರನ್ನು ಮಾರಲು ಬಂದವರೇ ಹೆಚ್ಚು. ಹಿಂದಿನ ಬೆಲೆಗೆ ಕೊಳ್ಳುವವರಿಲ್ಲ. ವಹಿವಾಟಿನ ನಡುವೆ ಒಂದು ಹಂತದಲ್ಲಿ ಷೇರು ಶೇ 12ರಷ್ಟು ಇಳಿಯಿತು. ಮಧ್ಯಾಹ್ನ ಮೂರೂವರೆಗೆ ವಹಿವಾಟು ಮುಗಿದಾಗ ಶೇ 9ಕ್ಕಿಂತ ಹೆಚ್ಚು ಬೆಲೆ ಕರಗಿಹೋಗಿತ್ತು. ದೇಶದ ಅತಿ ದೊಡ್ಡ ಕಂಪನಿಗಳಲ್ಲಿ ಒಂದು, ಲಕ್ಷಾಂತರ ಮಧ್ಯಮವರ್ಗದ ಮನೆಗಳ ಉಳಿತಾಯದಲ್ಲಿ ಪಾಲಿರುವ ಷೇರು, ಒಂದೇ ದಿನದಲ್ಲಿ ಅಷ್ಟು ಕುಸಿಯಲು ಕಾರಣವಾದ ಸುದ್ದಿ ಹೊರಬಿದ್ದದ್ದು ಆ ದಿನವಲ್ಲ. ನಾಲ್ಕು ದಿನ ಹಿಂದೆ, ಗುರುವಾರ ಸಂಜೆ.

ಗುರುವಾರ ಪೇಟೆ ಮುಚ್ಚಿದ ಮೇಲೆ ಕಂಪನಿ ತನ್ನ ನಾಲ್ಕನೇ ತ್ರೈಮಾಸಿಕದ ಲೆಕ್ಕ ಬಿಡುಗಡೆ ಮಾಡಿತ್ತು. ನಿವ್ವಳ ಲಾಭ 6,128 ಕೋಟಿ ರೂಪಾಯಿ, ಹಿಂದಿನ ವರ್ಷಕ್ಕಿಂತ ಸುಮಾರು ಶೇ 8 ಹೆಚ್ಚು. ವರಮಾನ ಶೇ 16ರಷ್ಟು ಹೆಚ್ಚು. ಆದರೆ ಮುಂದಿನ ವರ್ಷಕ್ಕೆ ಕೊಟ್ಟ ಮುನ್ನಂದಾಜು ಶೇ 4ರಿಂದ 7ರ ವರಮಾನ ಬೆಳವಣಿಗೆಯದ್ದು. ಆಗಷ್ಟೇ ಮುಗಿದ ವರ್ಷದಲ್ಲಿ ಅದೇ ಲೆಕ್ಕದಲ್ಲಿ ಶೇ 15ಕ್ಕೂ ಮಿಕ್ಕಿ ಬೆಳೆದಿದ್ದ ಕಂಪನಿ ಇದು. ಶುಕ್ರವಾರ ಅಂಬೇಡ್ಕರ್ ಜಯಂತಿಯ ರಜೆ, ಆಮೇಲೆ ಶನಿವಾರ, ಭಾನುವಾರ. ಮೂರು ದಿನ ಎಲ್ಲರ ಕೈಯಲ್ಲೂ ಒಂದೇ ಮಾಹಿತಿ ಇತ್ತು, ಮೊಬೈಲ್ ಇದ್ದವರೆಲ್ಲ ಓದಿದ್ದರು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹೂಡಿಕೆದಾರರು ಚರ್ಚೆ ಮಾಡಿ ಸುಸ್ತಾಗಿದ್ದರು. ಆದರೂ ಆ ಬಿಡುವಿನಿಂದ ಒಬ್ಬರಿಗೂ ಹಳೆಯ ಬೆಲೆಗೆ ಮಾರಿ ಹೊರಬರುವ ದಾರಿ ಸಿಗಲಿಲ್ಲ. ಮೊದಲ ವಹಿವಾಟು ನಡೆದದ್ದೇ ಇಳಿದ ಬೆಲೆಯಲ್ಲಿ.

ಈ ಘಟನೆ ಹೇಳುವ ಮಾತು ಸರಳ, ಅದನ್ನು ಒಪ್ಪಿಕೊಳ್ಳುವುದು ಮಾತ್ರ ಕಷ್ಟ. ಬೆಳವಣಿಗೆಯ ಷೇರುಗಳ ವಿಷಯದಲ್ಲಿ ಸುದ್ದಿ ಬರುವ ಹೊತ್ತನ್ನು ಬೆನ್ನಟ್ಟುವುದು ಸಣ್ಣ ಹೂಡಿಕೆದಾರನಿಗೆ ಸೋಲಿನ ಆಟ. ಬೆಲೆ ಅಲುಗಾಡುವುದು ಸುದ್ದಿಯಿಂದಲ್ಲ. ಸುದ್ದಿಗೂ ಅದಕ್ಕೆ ಮುಂಚೆಯೇ ಬೆಲೆಯೊಳಗೆ ಸೇರಿಕೊಂಡಿದ್ದ ನಿರೀಕ್ಷೆಗೂ ನಡುವಿನ ಅಂತರದಿಂದ. ಆ ನಿರೀಕ್ಷೆಯನ್ನು ಅಳೆಯದೆ ಫಲಿತಾಂಶದ ದಿನಾಂಕಕ್ಕೆ ಕಾಯುವವನು ಅರ್ಧ ಲೆಕ್ಕ ಹಿಡಿದು ಪರೀಕ್ಷೆಗೆ ಕೂತಂತೆ.

ಮೂರು ಏಪ್ರಿಲ್, ಒಂದೇ ಪಾಠ

ಇನ್ಫೊಸಿಸ್‌ ಇತಿಹಾಸದಲ್ಲಿ ಇಂಥ ಏಪ್ರಿಲ್‌ಗಳು ಹತ್ತು ಹತ್ತು ವರ್ಷಕ್ಕೊಮ್ಮೆ ಬಂದಿವೆ. 2003ರ ಏಪ್ರಿಲ್ 10ರಂದು ಕಂಪನಿ ಮುಂದಿನ ವರ್ಷಕ್ಕೆ ಅಳೆದು ತೂಗಿ ಎಚ್ಚರಿಕೆಯ ಮುನ್ನಂದಾಜು ಕೊಟ್ಟಿತು. ಪೇಟೆ ಬೆಚ್ಚಿತು. ಒಂದೇ ದಿನದಲ್ಲಿ ಷೇರಿನ ಕಾಲು ಭಾಗಕ್ಕಿಂತ ಹೆಚ್ಚು ಬೆಲೆ ಹೋಯಿತು. ಆಮೇಲೇನಾಯಿತು ನೋಡಿ. ಹಿಂದಿನ ವರ್ಷ ಸುಮಾರು 958 ಕೋಟಿ ರೂಪಾಯಿ ಇದ್ದ ನಿವ್ವಳ ಲಾಭ ಆ ವರ್ಷ 1,244 ಕೋಟಿ ಆಸುಪಾಸಿಗೆ ಏರಿತು. ಶೇ 30ರ ಬೆಳವಣಿಗೆ. ಕಂಪನಿಯ ವಾರ್ಷಿಕ ವರಮಾನ ಮೊದಲ ಬಾರಿಗೆ ನೂರು ಕೋಟಿ ಡಾಲರ್ ದಾಟಿತು. 2004ರ ಏಪ್ರಿಲ್‌ನಲ್ಲಿ ಒಂದು ಷೇರಿಗೆ ಮೂರು ಬೋನಸ್ ಷೇರು ಘೋಷಣೆಯಾಯಿತು. ಹಿಂದಿನ ಏಪ್ರಿಲ್‌ನಲ್ಲಿ ಹೆದರಿ ಮಾರಿದವರು ಓದಿದ್ದ ಸುದ್ದಿ ಸುಳ್ಳಾಗಿರಲಿಲ್ಲ. ಕಂಪನಿ ತನಗೆ ಆ ದಿನ ಕಂಡದ್ದನ್ನು ಪ್ರಾಮಾಣಿಕವಾಗಿಯೇ ಹೇಳಿತ್ತು. ಆದರೆ ಮುನ್ನಂದಾಜು ಎಂಬುದು ಆಡಳಿತ ಮಂಡಳಿಯ ಆ ಹೊತ್ತಿನ ಅಂದಾಜು ಮಾತ್ರ, ವ್ಯವಹಾರದ ಕೊನೆಯ ತೀರ್ಪಲ್ಲ.

ಎರಡನೆಯದು 2013ರ ಏಪ್ರಿಲ್ 12. ಆ ಕಾಲಕ್ಕೆ ಇನ್ಫೊಸಿಸ್ ಬೆಳಿಗ್ಗೆಯೇ ಫಲಿತಾಂಶ ಕೊಡುತ್ತಿತ್ತು; ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ವಹಿವಾಟು ಶುರುವಾಗಿರುತ್ತಿತ್ತು. ಸಾಫ್ಟ್‌ವೇರ್ ಉದ್ಯಮದ ಸಂಘಟನೆ ನಾಸ್ಕಾಂ ಇಡೀ ಉದ್ಯಮಕ್ಕೆ ಶೇ 12ರಿಂದ 14ರ ಬೆಳವಣಿಗೆ ಅಂದಾಜು ಮಾಡಿದ್ದಾಗ, ಉದ್ಯಮದ ಮುಂಚೂಣಿಯ ಕಂಪನಿ ಶೇ 6ರಿಂದ 10 ಎಂದಿತು. ಷೇರು ಶೇ 21ರಷ್ಟು ಕುಸಿಯಿತು. ಅದೇ ವರ್ಷದ ಜೂನ್ 1ರ ಶನಿವಾರ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿ ಕಾರ್ಯನಿರ್ವಾಹಕ ಅಧ್ಯಕ್ಷರಾಗಿ ಮರಳಿದರು. 2014ರ ಆರಂಭದ ಹೊತ್ತಿಗೆ ಏಪ್ರಿಲ್‌ನಲ್ಲಿ ಕಳೆದುಕೊಂಡ ಬೆಲೆಯನ್ನೆಲ್ಲ ಷೇರು ಮರಳಿ ಗಳಿಸಿಕೊಂಡಿತ್ತು.

ಬೆಳಿಗ್ಗೆ ಕೊಟ್ಟ ಸುದ್ದಿ, ಸಂಜೆ ಕೊಟ್ಟ ಸುದ್ದಿ, ಮೂರು ದಿನದ ರಜೆಗೆ ಮುಂಚೆ ಕೊಟ್ಟ ಸುದ್ದಿ: ಹೊತ್ತು ಬದಲಾದರೂ ಮೊದಲ ಪೆಟ್ಟು ತಪ್ಪಲಿಲ್ಲ, ಆಮೇಲಿನ ಚೇತರಿಕೆಯೂ ಹೊತ್ತನ್ನು ಕೇಳಿ ಬರಲಿಲ್ಲ. 2023ರ ಜುಲೈನಲ್ಲಿ ಮುನ್ನಂದಾಜು ಇನ್ನೂ ಇಳಿದು ಶೇ 1ರಿಂದ 3.5ಕ್ಕೆ ಬಂದಾಗ ಷೇರು ಮತ್ತೆ ಶೇ 8ರಷ್ಟು ಬಿತ್ತು. 2024ರ ಡಿಸೆಂಬರ್‌ನಲ್ಲಿ ಅದೇ ಷೇರು ಎರಡು ಸಾವಿರ ರೂಪಾಯಿ ಮುಟ್ಟಿತು.

ಅರವತ್ತು ಪಟ್ಟು ಬೆಲೆಯೊಳಗೆ ಏನಿದೆ?

ಲಾಭ ಏರಿದರೂ ಷೇರು ಬೀಳುವುದು ಅನ್ಯಾಯ ಎಂದು ಹೊಸ ಹೂಡಿಕೆದಾರರಿಗೆ ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡಿದರೆ ಅನ್ಯಾಯ ಕಾಣುವುದಿಲ್ಲ. ಒಂದು ಕಂಪನಿಯ ಪ್ರತಿ ಷೇರಿನ ಗಳಿಕೆ 20 ರೂಪಾಯಿ, ಷೇರಿನ ಬೆಲೆ 1,200 ರೂಪಾಯಿ ಇದೆ ಎಂದುಕೊಳ್ಳಿ. ಗಳಿಕೆಯ ಅರವತ್ತು ಪಟ್ಟು ಬೆಲೆ. ಪೇಟೆಯವರ ಮಾತಿನಲ್ಲಿ ಪಿ.ಇ. ಅರವತ್ತು. ಇಷ್ಟು ಕೊಟ್ಟು ಕೊಳ್ಳುವವನು ಗಳಿಕೆ ವರ್ಷಕ್ಕೆ ಶೇ 30ರಂತೆ ಬಹುಕಾಲ ಬೆಳೆಯುತ್ತದೆ ಎಂದು ನಂಬಿದ್ದಾನೆ. ವರ್ಷ ಕಳೆಯಿತು, ಗಳಿಕೆ ಶೇ 20ರಷ್ಟು ಬೆಳೆದು 24 ರೂಪಾಯಿ ಆಯಿತು. ಯಾವ ಅಳತೆಯಿಂದ ನೋಡಿದರೂ ಒಳ್ಳೆಯ ಸಾಧನೆ. ಆದರೆ ಶೇ 20ರಂತೆ ಬೆಳೆಯುವ ಕಂಪನಿಗೆ ಪೇಟೆ ಅರವತ್ತು ಪಟ್ಟು ಕೊಡುವುದಿಲ್ಲ, ನಲವತ್ತು ಪಟ್ಟು ಕೊಡುತ್ತದೆ. ಇಪ್ಪತ್ತನಾಲ್ಕನ್ನು ನಲವತ್ತರಿಂದ ಗುಣಿಸಿದರೆ 960. ಗಳಿಕೆ ಶೇ 20 ಏರಿದೆ, ಬೆಲೆ ಶೇ 20 ಇಳಿದಿದೆ. ಇದೇ ಪರೀಕ್ಷೆಯನ್ನು ಹನ್ನೆರಡು ಪಟ್ಟಿಗೆ ಸಿಗುವ, ನಿಧಾನವಾಗಿ ಬೆಳೆಯುವ ಕಂಪನಿಗೆ ಹಾಕಿ ನೋಡಿ. ಶೇ 8ರ ಬೆಳವಣಿಗೆ ನಿರೀಕ್ಷಿಸಿದ ಕಡೆ ಶೇ 6 ಬಂದರೆ ಬೆಲೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಅಲ್ಲಿ ನಿರೀಕ್ಷೆಯ ಭಾರ ಕಡಿಮೆ. ಬೆಳವಣಿಗೆಯ ಷೇರು ಕೊಳ್ಳುವವರು ಕಂಪನಿಯ ಜೊತೆಗೆ ಈ ಭಾರವನ್ನೂ ಕೊಂಡಿರುತ್ತಾರೆ.

2000ದ ಮಾರ್ಚ್‌ನ ಸಾಫ್ಟ್‌ವೇರ್ ಅಬ್ಬರದಲ್ಲಿ ಇನ್ಫೊಸಿಸ್ ಕೊಂಡವರ ಕಥೆ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಆ ತಿಂಗಳಿಗೆ ಮುಗಿದ ಹಣಕಾಸು ವರ್ಷದಲ್ಲಿ ಕಂಪನಿಯ ಲಾಭ ಸುಮಾರು 293 ಕೋಟಿ ರೂಪಾಯಿ. ಮೂರು ವರ್ಷದಲ್ಲಿ ಅದು ಮೂರು ಪಟ್ಟಿಗೂ ಮಿಕ್ಕಿ ಬೆಳೆಯಿತು. ಅಂಥ ಬೆಳವಣಿಗೆ ಎದುರಿಗಿದ್ದರೂ ಆ ಮಾರ್ಚ್‌ನ ಶಿಖರದ ಬೆಲೆಗೆ ಷೇರು ಮರಳಲು ವರ್ಷಗಳೇ ಹಿಡಿದವು. ಕಂಪನಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಅದು ಕೊಡದ ಮಾತನ್ನೂ ಸೇರಿಸಿ ಪೇಟೆ ಬೆಲೆ ಕಟ್ಟಿತ್ತು. 1993ರಲ್ಲಿ ಇದೇ ಕಂಪನಿ 95 ರೂಪಾಯಿಗೆ ಷೇರು ನೀಡಿದಾಗ ಕೊಳ್ಳುವವರ ಕೊರತೆಯಾಗಿ, ಮೋರ್ಗನ್ ಸ್ಟಾನ್ಲಿ ಬಂದು ದೊಡ್ಡ ಪಾಲು ತೆಗೆದುಕೊಳ್ಳಬೇಕಾಯಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಿರೀಕ್ಷೆ ಕಡಿಮೆ ಇದ್ದಾಗ ಕೊಂಡವರಿಗೆ ಮುಂದಿನ ಸುದ್ದಿಗಳೆಲ್ಲ ಲಾಭದ ಸುದ್ದಿಗಳಾದವು.

ಫಲಿತಾಂಶ ಹೊರಬೀಳುವ ಹೊತ್ತಿಗೆ ಸುದ್ದಿ ಎಷ್ಟು ಹಳತಾಗಿರುತ್ತದೆ ಎಂಬುದನ್ನು 1968ರಷ್ಟು ಹಿಂದೆಯೇ ಇಬ್ಬರು ಸಂಶೋಧಕರು ಅಳೆದಿದ್ದರು. ರೇ ಬಾಲ್ ಮತ್ತು ಫಿಲಿಪ್ ಬ್ರೌನ್ ಅಮೆರಿಕದ 261 ಕಂಪನಿಗಳ ವಾರ್ಷಿಕ ಲೆಕ್ಕಗಳನ್ನೂ ಷೇರು ಬೆಲೆಗಳನ್ನೂ ಹೋಲಿಸಿ ನೋಡಿದರು. ವಾರ್ಷಿಕ ಲಾಭದ ಅಂಕಿ ಪ್ರಕಟವಾಗುವಷ್ಟರಲ್ಲಿ ಅದರ ಹುರುಳಿನ ಶೇ 85ರಿಂದ 90 ಭಾಗ ಬೇರೆ ದಾರಿಗಳಿಂದ ಪೇಟೆಗೆ ತಲುಪಿ ಬೆಲೆಯಲ್ಲಿ ಬೆರೆತುಹೋಗಿತ್ತು. ಇಂಟರ್‌ನೆಟ್ ಇಲ್ಲದ ಕಾಲದ ಮಾತಿದು. ವಾಹನಗಳ ಮಾರಾಟದ ಅಂಕಿ ತಿಂಗಳ ಮೊದಲ ದಿನವೇ ಸಿಗುವ, ಪ್ರತಿಸ್ಪರ್ಧಿ ಕಂಪನಿಯ ಫಲಿತಾಂಶ ಹಿಂದಿನ ದಿನವೇ ಬಂದಿರುವ ಇಂದಿನ ಪೇಟೆಯಲ್ಲಿ ಆ ಪ್ರಮಾಣ ಕಡಿಮೆಯಾಗಿರಲು ಕಾರಣ ಕಾಣುವುದಿಲ್ಲ.

> ಸುದ್ದಿಯ ಗಡಿಯಾರ
>
> ತ್ರೈಮಾಸಿಕ ಮುಗಿದ 45 ದಿನದೊಳಗೆ, ವಾರ್ಷಿಕ ಲೆಕ್ಕವಾದರೆ 60 ದಿನದೊಳಗೆ ಫಲಿತಾಂಶ ಪ್ರಕಟಿಸಬೇಕು. ಹಾಗಾಗಿ ಆಗಸ್ಟ್ 14, ನವೆಂಬರ್ 14, ಫೆಬ್ರುವರಿ 14 ಮತ್ತು ಮೇ 30 ಕೊನೆಯ ಗಡುವುಗಳು.
>
> ಆಡಳಿತ ಮಂಡಳಿಯ ಸಭೆ ಮುಗಿದ 30 ನಿಮಿಷದೊಳಗೆ ತೀರ್ಮಾನಗಳನ್ನು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ವಹಿವಾಟಿನ ಸಮಯ ಮುಗಿದ ಮೇಲೆ ಸಭೆ ಮುಗಿದರೆ ಮೂರು ಗಂಟೆ ಅವಕಾಶ. ಕಂಪನಿಯ ಒಳಗಿನ ಇತರ ಮಹತ್ವದ ಬೆಳವಣಿಗೆಗೆ 12 ಗಂಟೆ, ಹೊರಗಿನಿಂದ ಬಂದದ್ದಕ್ಕೆ 24 ಗಂಟೆ.
>
> ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಆಗುವವರೆಗೆ ಕಂಪನಿಯ ಒಳಗಿನ ಗೊತ್ತುಪಡಿಸಿದ ಸಿಬ್ಬಂದಿ ಅದರ ಷೇರು ಮುಟ್ಟುವಂತಿಲ್ಲ.
>
> ವಿಶ್ಲೇಷಕರ ಜೊತೆ ನಡೆದ ಫಲಿತಾಂಶದ ಮಾತುಕತೆಯ ಧ್ವನಿಮುದ್ರಣ ಮುಂದಿನ ವಹಿವಾಟಿನ ದಿನಕ್ಕೆ ಮೊದಲು ಅಥವಾ 24 ಗಂಟೆಯೊಳಗೆ, ಯಾವುದು ಮೊದಲೋ ಆಗ, ಸಾರ್ವಜನಿಕರಿಗೆ ಸಿಗಬೇಕು. ಲಿಖಿತ ರೂಪಕ್ಕೆ ಐದು ಕೆಲಸದ ದಿನ.

ದಿನಾಂಕ ಗೊತ್ತಿದ್ದರೆ ಸಾಕೆ?

ಎಲ್ಲವೂ ಮೊದಲೇ ಬೆಲೆಯಲ್ಲಿ ಸೇರಿರುತ್ತದೆ ಎಂಬ ಮಾತನ್ನು ಹಾಗೆಯೇ ಒಪ್ಪಿಬಿಡಲು ಒಂದು ಘಟನೆ ಬಿಡುವುದಿಲ್ಲ. ಊಟ ತಲುಪಿಸುವ ಕಂಪನಿ ಜೊಮಾಟೊ 76 ರೂಪಾಯಿಗೆ ಷೇರು ನೀಡಿ 2021ರ ಜುಲೈ 23ರಂದು ಪೇಟೆಗೆ ಬಂತು. ಮೊದಲ ದಿನವೇ 116 ರೂಪಾಯಿಗೆ ವಹಿವಾಟು ಶುರು. ಷೇರು ನೀಡಿಕೆಗೆ ಮುಂಚೆಯೇ ಹಣ ಹೂಡಿದ್ದವರು ಒಂದು ವರ್ಷ ಷೇರು ಮಾರುವಂತಿರಲಿಲ್ಲ. ಆ ನಿರ್ಬಂಧ ಮುಗಿಯುವ ದಿನ ಷೇರು ನೀಡಿಕೆಯ ಸಮಯದಿಂದಲೇ ಎಲ್ಲರಿಗೂ ತಿಳಿದಿತ್ತು. 2022ರ ಜುಲೈ 23 ಶನಿವಾರ ಬಂತು. ಸೋಮವಾರ ಷೇರು ಶೇ 11ಕ್ಕಿಂತ ಹೆಚ್ಚು ಬಿತ್ತು, ಮಂಗಳವಾರ ಮತ್ತೆ ಬಿತ್ತು, ಬುಧವಾರ 40 ರೂಪಾಯಿಯ ಆಸುಪಾಸು ಮುಟ್ಟಿತು. ವರ್ಷದಿಂದ ಗೊತ್ತಿದ್ದ ದಿನಾಂಕಕ್ಕೆ ಬೆಲೆ ಹೀಗೆ ಬೀಳುವುದಾದರೆ ದಿನಾಂಕ ಹಿಡಿದು ವ್ಯವಹಾರ ಮಾಡುವವರದೇ ಸರಿಯಲ್ಲವೇ?

ಆಕ್ಷೇಪ ತೂಕದ್ದು. ದಿನಾಂಕ ಗೊತ್ತಿತ್ತು, ಎಷ್ಟು ಮಂದಿ ಎಷ್ಟು ಮಾರುತ್ತಾರೆ ಎಂಬುದು ಗೊತ್ತಿರಲಿಲ್ಲ. ಮಾರಾಟಕ್ಕೆ ಬಂದ ಷೇರುಗಳ ರಾಶಿ ನಿಜವಾಗಿಯೂ ಹೆಚ್ಚಿದಾಗ ಬೆಲೆ ಇಳಿಯುವುದು ಯಾವ ಮಾರುಕಟ್ಟೆಯಲ್ಲೂ ನಡೆಯುವ ಸಂಗತಿ. ಆದರೆ ಶುಕ್ರವಾರವೇ ಮಾರಿ ಹೊರಬಂದ ಜಾಣನ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಅವನಿಗೆ ಮರಳಿ ಕೊಳ್ಳಲು ಇನ್ನೊಂದು ದಿನಾಂಕ ಬೇಕು, ಮತ್ತು ಅದನ್ನು ಯಾರೂ ಮೊದಲೇ ಅಚ್ಚು ಹಾಕಿರುವುದಿಲ್ಲ. ಮಾರುವಾಗ ಸರಿಯಾದ ಹೊತ್ತು, ಕೊಳ್ಳುವಾಗ ಸರಿಯಾದ ಹೊತ್ತು, ಎರಡೂ ಕೂಡಿಬಂದರೆ ಮಾತ್ರ ಲೆಕ್ಕ ಹೊಂದುತ್ತದೆ.

ಅದಕ್ಕಿಂತ ದೊಡ್ಡ ಪಾಠ ಒಂದು ತಿಂಗಳು ಹಿಂದೆ ಆದದ್ದರಲ್ಲಿದೆ. 2022ರ ಜೂನ್ 24, ಶುಕ್ರವಾರ ಸಂಜೆ ಜೊಮಾಟೊ 4,447 ಕೋಟಿ ರೂಪಾಯಿಯ ಷೇರು ಕೊಟ್ಟು, ದಿನಸಿ ಸಾಮಾನು ತಲುಪಿಸುವ ಬ್ಲಿಂಕಿಟ್ ಕಂಪನಿಯನ್ನು ಕೊಳ್ಳುವುದಾಗಿ ಹೇಳಿತು. ತಾನೇ ನಷ್ಟದಲ್ಲಿರುವ ಕಂಪನಿ ಇನ್ನೊಂದು ನಷ್ಟದ ಕಂಪನಿಯನ್ನು ಕೊಳ್ಳುವುದೆಂದರೇನು ಎಂದು ಪೇಟೆ ಕೆರಳಿತು. ಸೋಮವಾರ, ಮಂಗಳವಾರ ಎರಡೂ ದಿನ ಷೇರು ಕುಸಿಯಿತು. 2023ರ ಆಗಸ್ಟ್ 3ರಂದು ಜೊಮಾಟೊ ಮೊದಲ ಬಾರಿಗೆ ಲಾಭ ತೋರಿಸಿತು. ಬರೀ 2 ಕೋಟಿ ರೂಪಾಯಿ. ಆ ಎರಡು ಕೋಟಿಗೆ ಮರುದಿನ ಷೇರು ಶೇ 10ಕ್ಕೂ ಹೆಚ್ಚು ಜಿಗಿಯಿತು. ಮುಂದಿನ ಎರಡು ವರ್ಷದಲ್ಲಿ ಬ್ಲಿಂಕಿಟ್ ಎಷ್ಟು ಬೆಳೆಯಿತೆಂದರೆ 2025ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಅದರ ಆರ್ಡರ್‌ಗಳ ನಿವ್ವಳ ಮೌಲ್ಯ ಊಟ ತಲುಪಿಸುವ ಮೂಲ ವ್ಯವಹಾರವನ್ನೇ ಹಿಂದಿಕ್ಕಿತು. ಅಷ್ಟರಲ್ಲಿ ಕಂಪನಿಯ ಹೆಸರೂ ಎಟರ್ನಲ್ ಎಂದಾಗಿತ್ತು. ಪೇಟೆ ಕೆಟ್ಟದ್ದೆಂದು ತೀರ್ಮಾನಿಸಿದ ಸುದ್ದಿಯೇ ಬೆಳವಣಿಗೆಯ ಬೇರಾಯಿತು. ಶುಕ್ರವಾರ ಸಂಜೆಯ ಆ ಪ್ರಕಟಣೆಯನ್ನು ಮೊದಲ ನಿಮಿಷದಲ್ಲಿ ಓದಿದವನಿಗೂ ಮೂರನೇ ವಾರದಲ್ಲಿ ಓದಿದವನಿಗೂ ಇದ್ದ ವ್ಯತ್ಯಾಸ ಏನೇನೂ ಅಲ್ಲ. ಹತ್ತು ನಿಮಿಷದಲ್ಲಿ ಸಾಮಾನು ತರಿಸಿಕೊಳ್ಳುವ ಚಟ ನಗರಗಳಲ್ಲಿ ನಿಲ್ಲುತ್ತದೆಯೇ ಎಂದು ಯೋಚಿಸಿದವನಿಗೂ ಯೋಚಿಸದವನಿಗೂ ಇದ್ದ ವ್ಯತ್ಯಾಸ ಅಪಾರ.

ಕಾದು ಕೂತವರು ಮುಳುಗಿದ್ದೂ ಇದೆ

ಹಾಗಾದರೆ ಏನೇ ಸುದ್ದಿ ಬರಲಿ, ಷೇರು ಹಿಡಿದು ಕೂತರೆ ಆಯಿತೇ? ಇಲ್ಲ. ಗೆದ್ದ ಕಂಪನಿಗಳನ್ನಷ್ಟೇ ಎತ್ತಿ ತೋರಿಸಿ ತಾಳ್ಮೆಯನ್ನು ಹೊಗಳುವುದು ಓದುಗರಿಗೆ ಮಾಡುವ ಮೋಸ. ಅಮೆರಿಕದಲ್ಲಿ 1926ರಿಂದ 2016ರವರೆಗಿನ ಷೇರುಗಳನ್ನೆಲ್ಲ ಲೆಕ್ಕಹಾಕಿದ ಹೆಂಡ್ರಿಕ್ ಬೆಸೆಂಬೈಂಡರ್ ಎಂಬ ಪ್ರಾಧ್ಯಾಪಕರು, ಸರ್ಕಾರಿ ಸಾಲಪತ್ರಗಳಿಗಿಂತ ಹೆಚ್ಚಾಗಿ ಷೇರುಪೇಟೆ ಸೃಷ್ಟಿಸಿದ ಸಂಪತ್ತೆಲ್ಲ ಬರೀ ಶೇ 4ರಷ್ಟು ಕಂಪನಿಗಳಿಂದ ಬಂದದ್ದೆಂದು ತೋರಿಸಿದ್ದಾರೆ. ಉಳಿದವು ಒಟ್ಟಾರೆ ಸಾಲಪತ್ರದಷ್ಟೇ ಕೊಟ್ಟವು. ಆದ್ದರಿಂದ ಯಾವ ಸುದ್ದಿಗೆ ಅಲುಗಾಡಬಾರದು, ಯಾವುದಕ್ಕೆ ಎದ್ದು ಹೊರಡಬೇಕು ಎಂಬ ವಿವೇಚನೆ ಇಲ್ಲದ ತಾಳ್ಮೆಗೆ ಬೆಲೆಯಿಲ್ಲ.

ಪೇಟಿಎಂ ಪ್ರಕರಣವನ್ನು ಹತ್ತಿರದಿಂದ ನೋಡಿ. 2024ರ ಜನವರಿ 31ರ ಸಂಜೆ ರಿಸರ್ವ್ ಬ್ಯಾಂಕ್ ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಮೇಲೆ ಕಠಿಣ ನಿರ್ಬಂಧ ಹೇರಿತು. ಮರುದಿನ ಮಧ್ಯಂತರ ಬಜೆಟ್. ದೇಶದ ಕಣ್ಣೆಲ್ಲ ಸಂಸತ್ತಿನ ಮೇಲೆ. ಪೇಟಿಎಂ ಷೇರು ಶೇ 20 ಇಳಿದು ಲೋವರ್ ಸರ್ಕ್ಯೂಟ್, ಅಂದರೆ ದಿನದ ಇಳಿಕೆಯ ಮಿತಿ, ಮುಟ್ಟಿತು. ಅದರ ಮರುದಿನ ಇನ್ನೊಂದು ಶೇ 20. ಇಳಿಕೆಯ ಮಿತಿಯನ್ನು ಶೇ 10ಕ್ಕೆ ತಗ್ಗಿಸಿದ ಮೇಲೆ, ಸೋಮವಾರ ಮತ್ತೆ ಶೇ 10. ಮೂರು ದಿನವೂ ಮಾರಬೇಕೆಂದವರ ಆರ್ಡರ್‌ಗಳು ಕೊಳ್ಳುವವರಿಲ್ಲದೆ ಸಾಲಿನಲ್ಲಿ ನಿಂತಿದ್ದವು. ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡಿ ಎಂಬ ಸ್ಟಾಪ್ ಲಾಸ್ ಆದೇಶ ಹಾಕಿದ್ದರೆ ಬಚಾವಾಗುತ್ತಿದ್ದೆವು ಎಂಬ ನಂಬಿಕೆ ಇಂಥ ಕಡೆ ನಿಲ್ಲುವುದಿಲ್ಲ. ಕೊಳ್ಳುವವನೇ ಇಲ್ಲದ ಪೇಟೆಯಲ್ಲಿ ಸ್ಟಾಪ್ ಲಾಸ್ ಬರೀ ಒಂದು ಕೋರಿಕೆ.

ಆದರೆ ಆ ಸಂಜೆಯ ಆದೇಶ ಆಕಾಶದಿಂದ ಉದುರಿದ್ದಲ್ಲ. 2022ರ ಮಾರ್ಚ್ 11ರಂದೇ ರಿಸರ್ವ್ ಬ್ಯಾಂಕ್ ಇದೇ ಪೇಮೆಂಟ್ಸ್ ಬ್ಯಾಂಕಿಗೆ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆ ಹಾಕಿತ್ತು. 2023ರ ಅಕ್ಟೋಬರ್‌ನಲ್ಲಿ 5.39 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಎರಡೂ ಬಹಿರಂಗ ಪ್ರಕಟಣೆಗಳು, ಪತ್ರಿಕೆಗಳಲ್ಲಿ ಬಂದ ಸುದ್ದಿಗಳು. ನಿಯಂತ್ರಕರ ಜೊತೆ ಈ ಕಂಪನಿಯ ತಕರಾರು ಬಗೆಹರಿದಿಲ್ಲ ಎಂದು ಸುಮಾರು ಎರಡು ವರ್ಷ ಕಾಲ ಓದಬಲ್ಲವರಿಗೆಲ್ಲ ಕಾಣುತ್ತಿತ್ತು. ಅಂದರೆ ಹೊರಬರಲು ಬೇಕಾದ ಸಮಯ ಇತ್ತು. ಅದು ಜನವರಿ 31ರ ಸಂಜೆ ಇರಲಿಲ್ಲ ಅಷ್ಟೆ. ಷೇರು ಆಮೇಲೆ ಚೇತರಿಸಿಕೊಂಡದ್ದೂ ನಿಜ. ಅದರಿಂದ ಮೇಲಿನ ಮಾತು ಸುಳ್ಳಾಗುವುದಿಲ್ಲ. ಒಂದು ತ್ರೈಮಾಸಿಕದ ಲಾಭ ಒಂದಿಷ್ಟು ತಗ್ಗಿತೆಂಬ ಸುದ್ದಿಗೂ, ಕಂಪನಿಗೆ ವ್ಯವಹಾರ ನಡೆಸುವ ಪರವಾನಗಿಯೇ ಉಳಿಯುತ್ತದೋ ಇಲ್ಲವೋ ಎಂಬ ಸುದ್ದಿಗೂ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುವುದು ತಪ್ಪು. ಮೊದಲನೆಯದಕ್ಕೆ ಗದ್ದಲ ಜಾಸ್ತಿ. ಎರಡನೆಯದು ಎಷ್ಟೋ ಸಲ ಸದ್ದಿಲ್ಲದೆ, ಪುಟದ ಮೂಲೆಯಲ್ಲಿ ಬರುತ್ತದೆ.

ಒಳಗಿನವರಿಗೆ ಗೊತ್ತಿರುತ್ತದಲ್ಲ!

ಹೂಡಿಕೆದಾರರ ಚರ್ಚೆಗಳಲ್ಲಿ ಪದೇ ಪದೇ ಕೇಳುವ ಇನ್ನೊಂದು ಮಾತು: ಒಳಗಿನವರಿಗೆ ಮೊದಲೇ ಗೊತ್ತಿರುತ್ತದೆ, ಅವರ ಜಾಡು ಹಿಡಿದರೆ ನಾವೂ ಗೆಲ್ಲಬಹುದು. ಸುದ್ದಿ ಸೋರುವುದಿಲ್ಲ ಎಂದು ಯಾರೂ ಹೇಳಲಾರರು. 2017ರ ನವೆಂಬರ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ, ಹತ್ತಾರು ಕಂಪನಿಗಳ ಫಲಿತಾಂಶದ ಅಂಕಿಗಳು ಪ್ರಕಟಣೆಗೆ ಮುಂಚೆಯೇ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ್ದನ್ನು ವರದಿ ಮಾಡಿತು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತನಿಖೆ ನಡೆಸಿ ಸಂದೇಶ ಕಳಿಸಿದವರಿಗೆ ದಂಡ ಹಾಕಿತು. 2021ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶಗಳನ್ನು ರದ್ದುಪಡಿಸಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆ ಗುಂಪುಗಳಲ್ಲಿ ಇಂಥ ಅಂದಾಜುಗಳು ರಾಶಿಗಟ್ಟಲೆ ಓಡಾಡುತ್ತಿದ್ದವು, ಕೆಲವು ನಿಜವಾದವು, ಹಲವು ಆಗಲಿಲ್ಲ. ಯಾವುದು ಒಳಗಿನಿಂದ ಬಂದದ್ದು ಎಂದು ಸಾಬೀತಾಗಲಿಲ್ಲ.

ಸಣ್ಣ ಹೂಡಿಕೆದಾರನ ಪಾಲಿಗೆ ಈ ತೀರ್ಪಿನ ತಿರುಳು ಕಾನೂನಿಗಿಂತ ದೊಡ್ಡದು. ವಿಚಾರಣೆಯ ಅಧಿಕಾರ, ಫೋನ್ ದಾಖಲೆ, ವರ್ಷಗಟ್ಟಲೆ ಸಮಯ ಇದ್ದ ನಿಯಂತ್ರಕ ಸಂಸ್ಥೆಗೇ ಯಾವ ಸಂದೇಶ ನಿಜವಾದ ಸೋರಿಕೆ, ಯಾವುದು ಗಾಳಿಸುದ್ದಿ ಎಂದು ಬೇರ್ಪಡಿಸಲಾಗಲಿಲ್ಲ. ಮಧ್ಯಾಹ್ನ ಎರಡೂವರೆಗೆ ಬಂದ ಒಂದು ಸಾಲಿನ ಫಾರ್ವರ್ಡ್ ನೋಡಿ ಮೂರು ಗಂಟೆಗೆ ಕೊಳ್ಳುವವನಿಗೆ ಅದು ಹೇಗೆ ಸಾಧ್ಯ? ನಿಜವಾಗಿಯೂ ಒಳಗಿನ ಗುಟ್ಟೇ ಆಗಿದ್ದರೆ ಅದನ್ನು ಬಳಸುವುದು ಅಪರಾಧ. ಅಲ್ಲದಿದ್ದರೆ ಬಳಸುವುದು ಮೂರ್ಖತನ. ಮೂರನೇ ದಾರಿ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ವಿದ್ವಾಂಸರಿಂದ ಬರುತ್ತದೆ. ಒಳ್ಳೆಯ ಫಲಿತಾಂಶ ಬಂದ ಮೇಲೂ ಷೇರು ಸುಮಾರು ಮೂರು ತಿಂಗಳ ಕಾಲ ಮೆಲ್ಲಗೆ ಏರುತ್ತಲೇ ಇರುತ್ತದೆ, ಕೆಟ್ಟದ್ದಾದರೆ ಇಳಿಯುತ್ತಲೇ ಇರುತ್ತದೆ ಎಂಬುದನ್ನು 1989ರಲ್ಲಿ ಬರ್ನಾರ್ಡ್ ಮತ್ತು ಥಾಮಸ್ ಎಂಬ ಸಂಶೋಧಕರು ದಾಖಲಿಸಿದ್ದರು. ಹಾಗಿದ್ದರೆ ಸುದ್ದಿ ಬಂದ ಮೇಲೆ ಕೊಂಡರೂ ಲಾಭವಿದೆ. ಒಪ್ಪಬೇಕಾದ ಮಾತೇ. ಆದರೆ ಆ ಲಾಭ ನೂರಾರು ಷೇರುಗಳನ್ನು ಒಟ್ಟಿಗೆ ಕೊಂಡು, ನೂರಾರನ್ನು ಒಟ್ಟಿಗೆ ಮಾರಿದವರ ಸರಾಸರಿ. ಒಂದೋ ಎರಡೋ ಷೇರು ಆರಿಸುವವನಿಗೆ ಸರಾಸರಿಯ ಆಸರೆ ಇಲ್ಲ. ಅಲ್ಲದೆ ಸಣ್ಣ ಕಂಪನಿಗಳಲ್ಲಿ ಈ ಪರಿಣಾಮ ಹೆಚ್ಚು. ಅಲ್ಲಿಯೇ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರವೂ ಹೆಚ್ಚು. ದಲ್ಲಾಳಿ ಶುಲ್ಕ, ತೆರಿಗೆ ಕಳೆದು ಕೈಗೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತೇಜನ ಕೊಡುವ ಉತ್ತರ ಸಿಗುವುದು ಕಷ್ಟ.

> ಹೆಚ್ಚು ಓಡಾಟ, ಹೆಚ್ಚು ನಷ್ಟ
>
> ಒಂದೇ ದಿನದಲ್ಲಿ ಕೊಂಡು ಮಾರುವ ಹೂಡಿಕೆದಾರರಲ್ಲಿ 10ಕ್ಕೆ 7 ಮಂದಿ 2022–23ರಲ್ಲಿ ಹಣ ಕಳೆದುಕೊಂಡರು ಎಂದು ಸೆಬಿ ಅಧ್ಯಯನ ಹೇಳುತ್ತದೆ. ವರ್ಷಕ್ಕೆ 500ಕ್ಕಿಂತ ಹೆಚ್ಚು ವಹಿವಾಟು ಮಾಡಿದವರಲ್ಲಿ ಶೇ 80, ಮೂವತ್ತು ವರ್ಷಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಶೇ 76 ಮಂದಿ ನಷ್ಟ ಕಂಡರು.
>
> ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ 2021–22ರಿಂದ 2023–24ರವರೆಗೆ ಶೇ 93 ಮಂದಿಗೆ ನಷ್ಟ. ಮೂರು ವರ್ಷದ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.
>
> ಅಮೆರಿಕದ 66,465 ಕುಟುಂಬಗಳ 1991–96ರ ಖಾತೆಗಳನ್ನು ಬಾರ್ಬರ್ ಮತ್ತು ಓಡೀನ್ ಪರಿಶೀಲಿಸಿದರು. ಪೇಟೆ ವರ್ಷಕ್ಕೆ ಶೇ 17.9 ಗಳಿಸಿದಾಗ ಅತಿ ಹೆಚ್ಚು ವಹಿವಾಟು ಮಾಡಿದವರಿಗೆ ದಕ್ಕಿದ್ದು ಶೇ 11.4.

ಹೊತ್ತು ಹೇಳುವ ಮಾತೂ ಒಂದಿದೆ

ಸುದ್ದಿಯ ಹೊತ್ತನ್ನು ಬೆನ್ನಟ್ಟಬಾರದು ಎಂದರೆ ಅದನ್ನು ಗಮನಿಸಲೇಬಾರದು ಎಂದಲ್ಲ. ಕಂಪನಿಗಳು ಒಳ್ಳೆಯ ಸುದ್ದಿಯನ್ನು ಬೇಗ, ಕೆಟ್ಟದ್ದನ್ನು ತಡವಾಗಿ ಹೇಳುತ್ತವೆ ಎಂಬುದು ಎಂಬತ್ತರ ದಶಕದಿಂದಲೂ ಸಂಶೋಧನೆಗಳಲ್ಲಿ ಕಂಡುಬಂದಿರುವ ಸಂಗತಿ. ಪ್ರತಿ ವರ್ಷ ಅಕ್ಟೋಬರ್ ಕೊನೆಯಲ್ಲಿ ಫಲಿತಾಂಶ ಕೊಡುತ್ತಿದ್ದ ಕಂಪನಿ ಈ ಸಲ ನವೆಂಬರ್ 14ಕ್ಕೆ ಸಭೆ ಕರೆದರೆ, ಲೆಕ್ಕಪರಿಶೋಧಕರು ಅವಧಿಯ ನಡುವೆ ರಾಜೀನಾಮೆ ಕೊಟ್ಟರೆ, ಅದನ್ನು ಬರೆದಿಟ್ಟುಕೊಳ್ಳಬೇಕು. ಗಡುವಿನ ಕೊನೆಯ ದಿನ ನೂರಾರು ಕಂಪನಿಗಳ ಫಲಿತಾಂಶ ಒಟ್ಟಿಗೆ ಬಂದು ಬೀಳುತ್ತದೆ. ಆ ಗುಂಪಿನಲ್ಲಿ ಯಾರ ಕಣ್ಣಿಗೂ ಬೀಳದೆ ದಾಟಿಹೋಗುವುದು ಸುಲಭ.

ಶುಕ್ರವಾರದ ಮಾತೂ ಹಾಗೆಯೇ. ಡೆಲ್ಲಾವಿನ್ಯಾ ಮತ್ತು ಪೊಲ್ಲೆಟ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ತೋರಿಸಿದಂತೆ, ಅಮೆರಿಕದಲ್ಲಿ ಶುಕ್ರವಾರ ಪ್ರಕಟವಾದ ಫಲಿತಾಂಶಕ್ಕೆ ಬೆಲೆಯ ತಕ್ಷಣದ ಪ್ರತಿಕ್ರಿಯೆ ಶೇ 15ರಷ್ಟು ಕಡಿಮೆ, ತಡವಾದ ಪ್ರತಿಕ್ರಿಯೆ ಶೇ 70ರಷ್ಟು ಹೆಚ್ಚು. ವಾರಾಂತ್ಯದ ಹೊಸ್ತಿಲಲ್ಲಿ ಜನ ಗಮನ ಕೊಡುವುದಿಲ್ಲ, ಆಮೇಲೆ ನಿಧಾನವಾಗಿ ಎಚ್ಚೆತ್ತುಕೊಳ್ಳುತ್ತಾರೆ. ಇಂಥ ಅಭ್ಯಾಸಗಳು ಆಡಳಿತ ಮಂಡಳಿಯ ಸ್ವಭಾವವನ್ನು ಹೇಳುತ್ತವೆ. ಕೆಟ್ಟ ಸುದ್ದಿಯನ್ನು ಕೆಲಸದ ದಿನ, ಕಾರಣ ಸಹಿತ, ಪ್ರಶ್ನೆಗೆ ಉತ್ತರ ಕೊಡುವ ಸಿದ್ಧತೆಯೊಂದಿಗೆ ಹೇಳುವ ಕಂಪನಿಯ ಮೇಲೆ ನಂಬಿಕೆ ಇಡಬಹುದು. ಈ ಲೆಕ್ಕದಲ್ಲಿ 2003ರ ಇನ್ಫೊಸಿಸ್ ಆ ದಿನ ಶಿಕ್ಷೆಗಿಂತ ಹೆಚ್ಚಾಗಿ ಮೆಚ್ಚುಗೆಗೆ ಅರ್ಹವಾಗಿತ್ತು.

ಹೂಡಿಕೆದಾರರು ಒಟ್ಟಿಗೆ ಕೂತು ಚರ್ಚಿಸುವುದರಲ್ಲಿ ತಪ್ಪೇನಿಲ್ಲ, ಬಹಳ ಒಳಿತೇ ಇದೆ. ಒಬ್ಬರು ನಗದು ಹರಿವಿನ ಪಟ್ಟಿ ನೋಡುತ್ತಾರೆ, ಇನ್ನೊಬ್ಬರು ಪ್ರವರ್ತಕರು ಅಡವಿಟ್ಟ ಷೇರುಗಳ ಲೆಕ್ಕ ತೆಗೆಯುತ್ತಾರೆ, ಅದೇ ಉದ್ಯಮದಲ್ಲಿ ಕೆಲಸ ಮಾಡಿದ ಮೂರನೆಯವರು ಕಂಪನಿ ಹೇಳಿದ್ದು ನಡೆಯುವ ಮಾತೋ ಅಲ್ಲವೋ ಎಂದು ಹೇಳಬಲ್ಲರು. ದೊಡ್ಡ ನಿಧಿ ವ್ಯವಸ್ಥಾಪಕ ಪ್ರತಿ ತ್ರೈಮಾಸಿಕಕ್ಕೂ ತನ್ನ ಹೂಡಿಕೆದಾರರಿಗೆ ಉತ್ತರ ಹೇಳಬೇಕು. ಸ್ವಂತ ದುಡ್ಡು ಹಾಕಿದವನಿಗೆ ಆ ಗಡುವಿಲ್ಲ. ಅವನ ಕೈಯಲ್ಲಿರುವ ದೊಡ್ಡ ಅನುಕೂಲ ಇದೊಂದೇ. ಫಲಿತಾಂಶ ನಾಳೆಯೋ ನಾಡಿದ್ದೋ, ಏರುತ್ತದೋ ಇಳಿಯುತ್ತದೋ ಎಂಬ ಜೂಜಿಗೆ ಚರ್ಚೆ ಇಳಿದಾಗ ಆ ಅನುಕೂಲವನ್ನು ತಾನಾಗಿಯೇ ಬಿಟ್ಟುಕೊಟ್ಟಂತಾಗುತ್ತದೆ.

ಚರ್ಚೆ ಜೂಜಿಗೆ ಇಳಿಯುವುದಕ್ಕೆ ಕನ್ನಡದ ಹೂಡಿಕೆದಾರರ ಮಟ್ಟಿಗೆ ಇನ್ನೊಂದು ಕಾರಣವೂ ಇದೆ. ಕಂಪನಿಯ ನೋಂದಾಯಿತ ಕಚೇರಿ ಇರುವ ಪ್ರದೇಶದ ಭಾಷೆಯ ಪತ್ರಿಕೆಯಲ್ಲಿ ಫಲಿತಾಂಶದ ಜಾಹೀರಾತು ಬರಬೇಕೆಂಬ ನಿಯಮದಿಂದಾಗಿ, ಬೆಂಗಳೂರಿನ ಕಂಪನಿಗಳ ಲೆಕ್ಕಪಟ್ಟಿಗಳು ಕನ್ನಡ ದಿನಪತ್ರಿಕೆಗಳಲ್ಲಿ ಅಚ್ಚಾಗುತ್ತಾ ಬಂದಿವೆ. ಒಟ್ಟು ವರಮಾನ, ನಿವ್ವಳ ಲಾಭ, ಪ್ರತಿ ಷೇರಿನ ಗಳಿಕೆ: ಹತ್ತು ಸಾಲಿನ ಅಂಕಿ, ವಿವರಣೆ ಒಂದು ಸಾಲೂ ಇಲ್ಲ. ಇತ್ತೀಚೆಗೆ ನಿಯಮ ಸಡಿಲಗೊಂಡು ಕ್ಯೂಆರ್ ಕೋಡ್ ಮತ್ತು ಜಾಲತಾಣದ ಕೊಂಡಿ ಕೊಟ್ಟರೂ ಸಾಕೆಂದಾಗಿದೆ. ಆ ಕೊಂಡಿ ಒತ್ತಿದರೆ ತೆರೆಯುವುದು ಇಂಗ್ಲಿಷ್ ಕಡತ. ಮುನ್ನಂದಾಜು ಯಾಕೆ ತಗ್ಗಿತು, ದೊಡ್ಡ ಗ್ರಾಹಕ ಯಾಕೆ ಕೈಬಿಟ್ಟ, ಹೊಸ ಕಾರ್ಖಾನೆ ಯಾವಾಗ ಶುರು ಎಂಬ ಮಾತೆಲ್ಲ ವಿಶ್ಲೇಷಕರ ಜೊತೆಗಿನ ಮಾತುಕತೆಯಲ್ಲಿರುತ್ತದೆ. ಅದರ ಲಿಖಿತ ರೂಪವೂ ಇಂಗ್ಲಿಷಿನಲ್ಲೇ. ಹಾವೇರಿಯಲ್ಲೋ ಪುತ್ತೂರಿನಲ್ಲೋ ಕೂತು ಡಿಮ್ಯಾಟ್ ಖಾತೆ ತೆರೆದವರಿಗೆ ಕನ್ನಡದಲ್ಲಿ ಬೇಗನೆ ಸಿಗುವುದು ಫಾರ್ವರ್ಡ್ ಸಂದೇಶ ಮತ್ತು ಟಿಪ್ಸ್ ಕೊಡುವವರ ವಿಡಿಯೊ.

ಲಿಖಿತ ರೂಪ ಕೊಡಲು ಕಂಪನಿಗಳಿಗೆ ಹೇಗೂ ಐದು ಕೆಲಸದ ದಿನ ಇದೆ. ಅದರ ಜೊತೆಗೇ ಎರಡು ಪುಟದ ಕನ್ನಡ ಸಾರಾಂಶ ಕೊಡುವುದು ಬೆಂಗಳೂರಿನಲ್ಲಿ ನೋಂದಣಿಯಾದ ದೊಡ್ಡ ಕಂಪನಿಗಳಿಗೆ ಖರ್ಚಿನ ಬಾಬತ್ತೇ ಅಲ್ಲ. ಸೆಬಿ ಹೇಳುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ವಾರ್ಷಿಕ ಸಾಮಾನ್ಯ ಸಭೆಗಳು ಈಗ ಆನ್‌ಲೈನ್‌ನಲ್ಲೂ ನಡೆಯುತ್ತವೆ, ಒಂದೇ ಷೇರು ಇದ್ದವರೂ ಮೊದಲೇ ಹೆಸರು ನೋಂದಾಯಿಸಿ ಪ್ರಶ್ನೆ ಕೇಳಬಹುದು. ಮುಂದಿನ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ ಆಗಲಿ: ಕನ್ನಡದ ಸಾರಾಂಶ ಯಾವ ತ್ರೈಮಾಸಿಕದಿಂದ ಶುರು?